ಕಾಳುಮೆಣಸು ಸೇರಿಸಿದರೆ ಸೋತ ಮಾತ್ರೆ ಮತ್ತೆ ಕೆಲಸ ಮಾಡುತ್ತದೆಯೇ?

ಪ್ರಶ್ನೆ (ಸದಸ್ಯೆ, ಮಂಡ್ಯ): ನಮಸ್ಕಾರ ಮೇಡಂ. ನಮ್ಮ ಅತ್ತೆಯವರಿಗೆ 68 ವರ್ಷ. ಮೂತ್ರದ ಸೋಂಕು ಮರುಕಳಿಸಿದೆ. ಕಳೆದ ಬಾರಿ ಸಿಪ್ರೊಫ್ಲಾಕ್ಸಸಿನ್ ಮಾತ್ರೆಯನ್ನು ಅರಿಶಿನ, ಕಾಳುಮೆಣಸು ಹಾಕಿದ ಹಾಲಿನೊಂದಿಗೇ ನುಂಗುತ್ತಿದ್ದರು. ಈಗಿನ ಕಲ್ಚರ್ ವರದಿಯಲ್ಲಿ ಇ. ಕೋಲಿ ಎಂದಿದ್ದು, ಆ ಮಾತ್ರೆಯ ಮುಂದೆ ‘ಆರ್’ (ರೆಸಿಸ್ಟೆಂಟ್, ಅಂದರೆ ಆ ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗುವುದಿಲ್ಲ) ಎಂದು ಬರೆದಿದ್ದಾರೆ. ವೈದ್ಯರು ನೈಟ್ರೋಫ್ಯುರಾಂಟಾಯಿನ್ ಕೊಟ್ಟಿದ್ದಾರೆ. ಮೆಣಸಿನ ಸಾರದೊಂದಿಗೆ ಕೊಟ್ಟರೆ ಹಳೆಯ ಮಾತ್ರೆಯೇ ಸಾಕು, ಅದು ಸಂಶೋಧನೆಯಲ್ಲಿ ಸಾಬೀತಾಗಿದೆ ಎನ್ನುತ್ತಾರೆ ಮೈದುನ. ಉಳಿದ ಮಾತ್ರೆಗಳನ್ನು ಹಾಗೆ ಕೊಡಬಹುದೇ?

ಉತ್ತರ (ಔಷಧಶಾಸ್ತ್ರ ಬೋಧಕಿ, ಮೈಸೂರು): ಕೊಡಬೇಡಿ. ನಿಮ್ಮ ಮೈದುನ ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ಅದು ಬೇರೆ ಬ್ಯಾಕ್ಟೀರಿಯಾದ ಮಾತು. ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದ ಕೋಶಪೊರೆಯಲ್ಲಿ ‘ನಾರ್‌ಎ’ ಎಂಬ ಪ್ರೋಟೀನ್ ಇದ್ದು, ಗದ್ದೆಯಲ್ಲಿ ನಿಂತ ನೀರನ್ನು ಮೋಟರು ಎತ್ತಿ ಹೊರಹಾಕುವಂತೆ ಒಳಬಂದ ಔಷಧವನ್ನು ಅದು ಹೊರದೂಡುತ್ತದೆ. ಮೆಣಸಿನಲ್ಲಿರುವ ಪೈಪರಿನ್ ಎಂಬ ಅಂಶ ಆ ಪಂಪನ್ನು ತಡೆಯುವುದರಿಂದ ಸಿಪ್ರೊಫ್ಲಾಕ್ಸಸಿನ್ ಹೆಚ್ಚು ಪರಿಣಾಮಕಾರಿಯಾಗುವುದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಸರ್ಪಗಂಧದ ರಿಸರ್ಪಿನ್ ಕೂಡ ಹಾಗೆಯೇ ಮಾಡುತ್ತದೆ. ಆದರೆ ಅದಕ್ಕೆ ಬೇಕಾಗುವ ಪ್ರಮಾಣವನ್ನು ಮನುಷ್ಯನ ದೇಹ ತಾಳುವುದಿಲ್ಲ.

ಇ. ಕೋಲಿಯ ಪಂಪೇ ಬೇರೆ, ಅದಕ್ಕಿರುವ ಹೆಚ್ಚುವರಿ ಹೊರಕವಚವೂ ಬೇರೆ. ಅದಕ್ಕಿಂತ ಮುಖ್ಯವಾಗಿ, ಸಿಪ್ರೊಫ್ಲಾಕ್ಸಸಿನ್‌ಗೆ ಬಗ್ಗದ ಇ. ಕೋಲಿಯಲ್ಲಿ ಸಾಮಾನ್ಯವಾಗಿ ಔಷಧ ಅಂಟಿಕೊಳ್ಳಬೇಕಾದ ಗೈರೇಸ್ ಕಿಣ್ವವೇ ಬದಲಾಗಿರುತ್ತದೆ. ಹಾಗಿರುವಾಗ ಪಂಪನ್ನು ನಿಲ್ಲಿಸಿದರೂ ಒಳಗೆ ಉಳಿದ ಔಷಧಕ್ಕೆ ಹಿಡಿತ ಸಿಗುವುದಿಲ್ಲ.

ಇನ್ನು ಆ ಲೋಟದ ಹಾಲು. ಎಲ್ಲರೂ ಮೆಣಸನ್ನೇ ನೋಡುತ್ತಾರೆ, ಹಾಲನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ! ಹಾಲಿನ ಕ್ಯಾಲ್ಸಿಯಂ ಸಿಪ್ರೊಫ್ಲಾಕ್ಸಸಿನ್‌ನೊಂದಿಗೆ ಕೂಡಿಕೊಂಡು, ಅದು ಕರುಳಿನಿಂದ ರಕ್ತಕ್ಕೆ ಸೇರುವ ಪ್ರಮಾಣವನ್ನು ಕುಗ್ಗಿಸುತ್ತದೆ. ಈಗಿನ ‘ಆರ್’ಗೆ ಅದೇ ಕಾರಣವೆಂದು ನಾನು ಹೇಳಲಾರೆ, ಮಾತ್ರೆಗೆ ಬಲ ಬರಲೆಂದು ಕೊಟ್ಟ ಹಾಲು ಅದರ ಬಲವನ್ನೇ ತಗ್ಗಿಸಿದ್ದಂತೂ ಹೌದು.

ನಿಸರ್ಗದ ವಸ್ತು ಆ್ಯಂಟಿಬಯೋಟಿಕ್‌ಗೆ ನೆರವಾದ ಉದಾಹರಣೆ ನಿಮ್ಮ ಬೀದಿಯ ಮೆಡಿಕಲ್ ಸ್ಟೋರಿನಲ್ಲೇ ಇದೆ. ಜನ ‘625’ ಎಂದು ಕೇಳಿ ಪಡೆಯುವ ಮಾತ್ರೆಯಲ್ಲಿ 500 ಮಿ.ಗ್ರಾಂ ಅಮಾಕ್ಸಿಸಿಲಿನ್, 125 ಮಿ.ಗ್ರಾಂ ಕ್ಲಾವುಲಾನಿಕ್ ಆಮ್ಲ ಇರುತ್ತವೆ. ಎರಡನೆಯದು ಸ್ಟ್ರೆಪ್ಟೊಮೈಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಕೊಡುಗೆ. ಅಮಾಕ್ಸಿಸಿಲಿನ್‌ನನ್ನು ಒಡೆಯುವ ಕಿಣ್ವವನ್ನು ಅದು ನಿಷ್ಕ್ರಿಯಗೊಳಿಸುತ್ತದೆ. ಅಲ್ಲಿ ಪ್ರಮಾಣ ನಿಗದಿಯಾಗಿದೆ, ರೋಗಿಗಳ ಮೇಲೆ ಪರೀಕ್ಷೆಯೂ ಆಗಿದೆ. ಹಾಗೆಂದು ಅದನ್ನೂ ಚೀಟಿಯಿಲ್ಲದೆ ಕೊಳ್ಳಬೇಡಿ.

ಮರುಪ್ರಶ್ನೆ: ಧನ್ಯವಾದ ಮೇಡಂ. ಮೈದುನ ಪೈಪರಿನ್ ಕ್ಯಾಪ್ಸೂಲ್ ತಂದೇಬಿಟ್ಟಿದ್ದಾರೆ. ಅತ್ತೆಯವರಿಗೆ ಫಿಟ್ಸ್‌ಗೆ ಫೆನಿಟಾಯಿನ್ ನಡೆಯುತ್ತಿದೆ.

ಉತ್ತರ: ಹಾಗಿದ್ದರೆ ಕ್ಯಾಪ್ಸೂಲ್ ಖಂಡಿತ ಬೇಡ. ಪೈಪರಿನ್‌ನಿಂದ ರಕ್ತದಲ್ಲಿ ಫೆನಿಟಾಯಿನ್ ಮಟ್ಟ ಏರಬಹುದು. ಏರಿದರೆ ತಲೆಸುತ್ತು, ನಡಿಗೆಯಲ್ಲಿ ತೂರಾಟ ಕಾಣಿಸಿಕೊಳ್ಳುತ್ತವೆ. ಸಾರಿಗೆ ಹಾಕುವ ನಾಲ್ಕು ಕಾಳಿಗೆ ಹೆದರಬೇಕಿಲ್ಲ. ನೈಟ್ರೋಫ್ಯುರಾಂಟಾಯಿನನ್ನು ಊಟದ ಜೊತೆ, ಹೇಳಿದಷ್ಟೂ ದಿನ ಕೊಡಿ. ಮೂತ್ರಪಿಂಡದ ಸ್ಥಿತಿ ತಿಳಿಸುವ ಅವರ ಕ್ರಿಯಾಟಿನಿನ್ ರಕ್ತಪರೀಕ್ಷೆಯ ವರದಿ ಹಳೆಯದಾಗಿದ್ದರೆ ವೈದ್ಯರಿಗೆ ಇಂದೇ ತಿಳಿಸಿ, ಏಕೆಂದರೆ ಮೂತ್ರಪಿಂಡ ಸೊರಗಿದ್ದರೆ ಈ ಮಾತ್ರೆ ಹೊಂದುವುದಿಲ್ಲ.