ಬೇಜಾರು ‘ಬಂತೋ’, ಬೇಜಾರು ‘ಆಯ್ತೋ’?

ಎಲ್ಲರಿಗೂ ನಮಸ್ಕಾರ. ಒಂದೇ ಒಂದು ಪದಕ್ಕೆ ಗೆಳೆಯನೊಬ್ಬ ನನ್ನ ಹತ್ತಿರ ನಾಲ್ಕು ದಿನ ಮಾತು ಬಿಟ್ಟಿದ್ದ. ಆ ಪದದ ಬಗ್ಗೆ ನಿಮ್ಮನ್ನು ಕೇಳೋಣ ಅಂತ ಬರೆಯುತ್ತಿದ್ದೇನೆ.

ಗೆಳೆಯ ಮೈಸೂರಿನವನು. ಕಥೆ ಬರೆದು ಕಳಿಸಿದ್ದ. ಅಪ್ಪ ತೀರಿಕೊಂಡ ಮೇಲೆ ಅವರ ಹಳೇ ಸ್ಕೂಟರ್ ಮಾರಲು ಹೋಗುವ ಮಗನ ಕಥೆ. ಕಾರವಾರದಿಂದ ಶಿರಸಿಗೆ ಬರುವ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲೇ ಓದಿದೆ. ಡಿಕ್ಕಿ ತೆಗೆದಾಗ ಅಪ್ಪನ ಹಳೇ ಕನ್ನಡಕದ ಪೆಟ್ಟಿಗೆ ಸಿಗುವ ಜಾಗಕ್ಕೆ ಬರುವ ಹೊತ್ತಿಗೆ ಬಸ್ಸು ದೇವಿಮನೆ ಘಟ್ಟ ಹತ್ತುತ್ತಿತ್ತು. ನಾನು ಕಣ್ಣೊರೆಸಿಕೊಳ್ಳುವುದನ್ನು ನೋಡಿ ಪಕ್ಕದಲ್ಲಿದ್ದವರು ‘ಊರಲ್ಲಿ ಏನಾದ್ರೂ ತೊಂದ್ರೆಯಾ?’ ಅಂತ ಕೇಳಿದರು. ಘಟ್ಟ ದಾಟಿ ಸಿಗ್ನಲ್ ಸಿಕ್ಕ ಕೂಡಲೇ ಗೆಳೆಯನಿಗೆ ಬರೆದೆ: ‘ಕಥೆ ಓದಿದೆ. ರಾಶಿ ಬೇಜಾರಾಯ್ತು ಮಾರಾಯ.’

‘ಸರಿ’ ಅಂತ ಉತ್ತರ ಬಂತು. ಆಮೇಲೆ ಸುದ್ದಿಯೇ ಇಲ್ಲ. ಐದನೇ ದಿನ ಫೋನ್ ಮಾಡಿದವನು ‘ಅಷ್ಟು ಬೋರಾಗಿತ್ತಾ? ಎಲ್ಲಿ ಎಳೆದಿದ್ದೀನಿ ಹೇಳು, ಕತ್ತರಿಸ್ತೀನಿ’ ಅಂದ.

ನನಗೆ ಇದು ಹೊಳೆದೇ ಇರಲಿಲ್ಲ. ಯಾಕೆಂದರೆ ನನ್ನ ಬಾಯಲ್ಲಿ ಇವೆರಡೂ ಬೇರೆ ಬೇರೆ. ಹೊತ್ತು ಹೋಗದಿದ್ದರೆ ಬೇಜಾರು ‘ಬರುತ್ತದೆ’. ಮನಸ್ಸಿಗೆ ನೋವಾದರೆ ಬೇಜಾರು ‘ಆಗುತ್ತದೆ’. ಅವನ ಕಥೆ ಓದಿ ನನಗೆ ಬೇಜಾರು ಬಂದಿರಲಿಲ್ಲ, ಬೇಜಾರಾಗಿತ್ತು. ಅವನ ಪ್ರಕಾರ ಎರಡಕ್ಕೂ ‘ಆಗು’ವೇ ಸೈ. ಕ್ಲಾಸಿನಲ್ಲಿ ಕೂತು ಆಕಳಿಸಿದರೂ ಬೇಜಾರಾಯ್ತು, ನಾಯಿ ಸತ್ತರೂ ಬೇಜಾರಾಯ್ತು.

ಇದು ನನ್ನೊಬ್ಬನ ಚಟವೋ, ನಮ್ಮ ಕಡೆಯ ಬಳಕೆಯೋ ಅಂತ ಅವತ್ತಿನಿಂದ ಕಿವಿ ತೆರೆದಿಟ್ಟುಕೊಂಡಿದ್ದೇನೆ. ಶಿರಸಿಯ ಮನೆಯಲ್ಲಿ ಸಂಜೆ ಅಡಿಕೆ ಸುಲಿಯುವಾಗ ಟಿವಿ ಹಚ್ಚಿಯೇ ಇರುತ್ತದೆ. ಆಯಿ, ಅಂದರೆ ನನ್ನ ಅಮ್ಮ, ಮೆಟ್ಟುಗತ್ತಿ ಮೇಲೆ ಕೂತು, ಒಂದು ಕಣ್ಣು ಅಡಿಕೆಯ ಮೇಲೆ, ಒಂದು ಕಣ್ಣು ಸೀರಿಯಲ್ ಮೇಲೆ. ಸೊಸೆಯನ್ನು ಮನೆಯಿಂದ ಹೊರಗೆ ಹಾಕಿದ ದಿನ ಆಯಿ ‘ಬಂದ್ ಮಾಡು ತಮಾ, ರಾಶಿ ಬೇಜಾರ್ ಆಗ್ತು’ ಅಂದಳು. ಮರುದಿನ ಅದೇ ಸೊಸೆ ಬಾಗಿಲ ಹೊರಗೆ ಅರ್ಧ ಗಂಟೆ ನಿಂತೇ ಇದ್ದಳು. ಕ್ಯಾಮೆರಾ ಒಬ್ಬೊಬ್ಬರ ಮುಖಕ್ಕೂ ಮೂರು ಮೂರು ಸಲ ಹೋಗಿ ಬಂತು. ಆಯಿ ಅಡಿಕೆ ಸಿಪ್ಪೆ ಪಕ್ಕಕ್ಕೆ ತಳ್ಳಿ ‘ಎಂಗೆ (ನನಗೆ) ಬೇಜಾರ್ ಬಂತು’ ಅಂದಳು. ಎರಡು ದಿನ, ಎರಡು ಕ್ರಿಯಾಪದ! ಹೇಳಿದರೆ ನಗುತ್ತಾಳೆ, ಅವಳಿಗೆ ಅದು ಗೊತ್ತೇ ಇಲ್ಲ. ಕರೆಂಟು ಹೋದರೆ ಮಾತ್ರ ‘ಟಿವಿ ಇಲ್ಲೆ, ಬೇಜಾರ್ ಕಳಿಯದು ಹೆಂಗೆ’ ಅಂತ ಮೂರನೆಯದು. ಬೇಜಾರನ್ನು ಹೊತ್ತಿನ ಹಾಗೆ ‘ಕಳೆಯಲೂ’ ಬಹುದಲ್ಲ, ಅದನ್ನು ನಾನು ಮರೆತೇ ಬಿಟ್ಟಿದ್ದೆ. ನೋವನ್ನು ಹಾಗೆ ಕಳೆಯುವುದಿಲ್ಲ ಅಲ್ವಾ?

ಯಕ್ಷಗಾನದ ಆಟದಲ್ಲೂ ಹೀಗೇ. ಹಾವು ಕಚ್ಚಿ ಸತ್ತ ಲೋಹಿತಾಶ್ವನ ಮುಂದೆ ಚಂದ್ರಮತಿ ಅಳುವಾಗ ಬೇಜಾರಾಗುತ್ತದೆ. ಅರ್ಥ (ಪದ್ಯಗಳ ನಡುವಿನ ಮಾತು) ಹೇಳುವವರು ಒಂದೇ ಮಾತನ್ನು ಮುಕ್ಕಾಲು ಗಂಟೆ ಎಳೆದರೆ ಬೇಜಾರು ಬಂದು ಚಾ ಅಂಗಡಿ ಕಡೆ ಎದ್ದು ಹೋಗುತ್ತೇವೆ.

ಆದರೆ ಕಾರವಾರದಲ್ಲಿ ನನ್ನ ಲೆಕ್ಕ ತಪ್ಪಿತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಮೀನಿಗೆ ಹೋಗುವಂತಿಲ್ಲ. ಬೈತಖೋಲ ಬಂದರಿನ ಹತ್ತಿರ ನನಗೆ ಪರಿಚಯದ ಒಬ್ಬರು ಬಲೆ ಹೊಲಿಯುತ್ತಾ ಕೂತಿದ್ದರು. ಹೇಗಿದ್ದೀರಿ ಅಂದೆ. ‘ಬೇಜಾರು ಬರ್ತದೆ ಮಾರಾಯ್ರೆ’ ಅಂದರು. ಸುಮ್ನೆ ಕೂತು ಹೊತ್ತು ಹೋಗುತ್ತಿಲ್ಲ ಅಂತ ತಿಳಿದು ಏನೋ ತಮಾಷೆ ಮಾಡಿದೆ. ಅವರು ನಗಲಿಲ್ಲ. ದುಡಿಮೆಯಿಲ್ಲದ ಎರಡು ತಿಂಗಳ ಚಿಂತೆ ಅದು. ಇಲ್ಲಿ ‘ಬರು’ ಇದ್ದರೂ ಅರ್ಥ ಆಕಳಿಕೆಯದಲ್ಲ. ಅವರ ಮನೆಮಾತು ಕೊಂಕಣಿ. ಕೊಂಕಣಿಯಲ್ಲೂ ‘ಬೆಜಾರ್’ ಇದೆ. ಅಲ್ಲಿನ ರೂಢಿ ಅವರ ಕನ್ನಡದಲ್ಲಿ ಇಣುಕಿತೋ ಏನೋ. ಕೊಂಕಣಿ ಬಲ್ಲವರು ಹೇಳಬೇಕು.

ಮೂಲದ ಬಗ್ಗೆ ಜಾಸ್ತಿ ತಕರಾರಿಲ್ಲ. ಬೇಜಾರು ಪಾರ್ಸಿ (ಪರ್ಷಿಯನ್) ಭಾಷೆಯದು. ಅಲ್ಲಿ ರೋಸಿಹೋದವನು, ಸಾಕುಸಾಕಾದವನು ಅಂತ ಅರ್ಥ. ಹಿಂದಿ, ಮರಾಠಿಯವರ ಹತ್ತಿರವೂ ಇದೆ. ನಮ್ಮದೇ ‘ಬೇಸರ’ ಹಳಗನ್ನಡದಿಂದಲೂ ಇರುವಂಥದ್ದು, ದಣಿವು ಅದರ ಹಳೇ ಅರ್ಥ. ಎಲ್ಲಿಂದಲೋ ಬಂದ ಪದ ಮನೆಯ ಪದದ ಹಾಗೇ ಕೇಳಿಸಿತು, ಅರ್ಥವೂ ಪಕ್ಕದ್ದೇ. ಹಾಗಾಗಿ ಇಷ್ಟು ಸಲೀಸಾಗಿ ಒಳಗೆ ಬಂದು ಕೂತಿತು ಅಂತ ನನ್ನ ಅಂದಾಜು. ಈಗ ಬೇಸರ ಬರವಣಿಗೆಗೆ, ಬೇಜಾರು ಬಾಯಿಗೆ. ಪೇಪರಿನಲ್ಲಿ ‘ಸಚಿವರು ಬೇಸರ ವ್ಯಕ್ತಪಡಿಸಿದರು’ ಅಂತ ಬಂದರೆ, ಸಭೆಯಲ್ಲಿ ಅವರಿಗೆ ಹೊತ್ತು ಹೋಗಲಿಲ್ಲ ಅಂತ ಯಾರೂ ಓದುವುದಿಲ್ಲ.

‘ಬೇಜಾರು ಮಾಡಿಕೊಳ್ಳಬೇಡಿ’ ಬೇರೆಯೇ ಜಾತಿ. ಅಲ್ಲಿ ಸಿಟ್ಟೂ ಇದೆ, ನೋವೂ ಇದೆ. ಇದರಲ್ಲಿ ನಮಗೂ ಮೈಸೂರಿಗೂ ಜಗಳವಿಲ್ಲ.

ಇನ್ನು ನನ್ನ ಅಣ್ಣನ ಮಗಳು, ಪಿಯುಸಿ. ಅವಳ ಬಾಯಲ್ಲಿ ಬೇಜಾರು ಬರುವುದೇ ಅಪರೂಪ. ಹೊತ್ತು ಹೋಗದಿದ್ದರೆ ‘ಬೋರ್’, ನೋವಾದರೆ ‘ಫೀಲ್ ಆಯ್ತು’. ಮಾತು ಕೆಟ್ಟಿತು ಅಂತ ಬಯ್ಯೋಣ ಅಂದರೆ ಆಗುವುದಿಲ್ಲ, ಯಾಕೆಂದರೆ ನಾನೂ ನನ್ನ ಗೆಳೆಯನೂ ಸಿಕ್ಕಿಬಿದ್ದ ಗೊಂದಲ ಅವಳಿಗಿಲ್ಲ.

1991ರಿಂದ ಪ್ರಜಾವಾಣಿಯ ‘ಇಗೋ ಕನ್ನಡ’ ಅಂಕಣದಲ್ಲಿ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು ಓದುಗರ ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದರು. ಈಗ ಅವರಿಲ್ಲ, ನಿಮ್ಮನ್ನೇ ಕೇಳುತ್ತಿದ್ದೇನೆ. ನಿಮ್ಮ ಊರಲ್ಲಿ ಬೇಜಾರು ಬರುವುದಕ್ಕೂ ಆಗುವುದಕ್ಕೂ ವ್ಯತ್ಯಾಸ ಇದೆಯಾ? ಧಾರವಾಡ, ಬೀದರ್, ಮಂಗಳೂರಿನವರು ದಯವಿಟ್ಟು ಹೇಳಿ. ನಿಘಂಟಿನ ಸಾಲು ಬೇಡ, ಮನೆಯಲ್ಲಿ ಅಮ್ಮ, ಅಜ್ಜಿ ಹೇಳುವ ಮಾತು ಬೇಕು.

ಇನ್ನೊಂದು. ಓದಿ ಕಣ್ಣಲ್ಲಿ ನೀರು ಬಂದ ಕಥೆಗೆ ಬರೆದವರ ಹತ್ತಿರ ಏನಂತ ಹೇಳುತ್ತೀರಿ? ‘ಮನಸ್ಸು ಭಾರವಾಯಿತು’ ಅಂದರೆ ಶ್ರದ್ಧಾಂಜಲಿ ಸಭೆಯ ಹಾಗೆ ಕೇಳುತ್ತದೆ. ‘ಕರುಳು ಚುರುಕ್ ಅಂತು’ ಪರವಾಗಿಲ್ಲ, ಆದರೆ ಪ್ರತಿ ಸಲ ಹೇಳಲಾಗುವುದಿಲ್ಲ. ಗೆಳೆಯ ಎರಡನೇ ಕಥೆ ಕಳಿಸಿ ಮೂರು ದಿನ ಆಯ್ತು. ಓದಿಯೂ ಆಯ್ತು. ಬೇಗ ಉತ್ತರ ಕೊಟ್ಟರೆ ಉಪಕಾರ.