ಕಲಿಕಾ ಶೈಲಿಗೆ ತಕ್ಕಂತೆ ಪಾಠವನ್ನು ಬದಲಿಸಬೇಕೇ?

ಪ್ರಶ್ನೆ:
ನಾನು ಆರನೆಯ ತರಗತಿಗೆ ಗಣಿತ ಕಲಿಸುತ್ತೇನೆ. ಮಕ್ಕಳನ್ನು ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂದು ವಿಂಗಡಿಸಿ, ಪ್ರತಿ ಗುಂಪಿಗೂ ಬೇರೆ ಪಾಠ ಸಿದ್ಧಪಡಿಸಬೇಕೆಂದು ತರಬೇತಿಯಲ್ಲಿ ಹೇಳಿದರು. ಭಿನ್ನರಾಶಿ ಎಂಬ ಒಂದೇ ವಿಷಯಕ್ಕೆ ಮೂರು ಪಾಠಗಳನ್ನು ಹೊಂದಿಸುವ ಶ್ರಮ ನಿಜವಾಗಿಯೂ ಫಲ ಕೊಡುತ್ತದೆಯೇ?

ಉತ್ತರ 1:
ಹಾಗೆ ವಿಂಗಡಿಸುವ ಅಗತ್ಯವಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಮನೋವಿಜ್ಞಾನಿ ಹೆರಾಲ್ಡ್ ಪಾಷ್ಲರ್ ಮತ್ತು ಸಂಗಡಿಗರು 2008ರಲ್ಲಿ ಅದುವರೆಗಿನ ಸಂಶೋಧನೆಗಳನ್ನು ಪರಿಶೀಲಿಸಿ, ಶೈಲಿಗೆ ಹೊಂದಿಸಿ ಕಲಿಸಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲವೆಂದು ತೀರ್ಮಾನಿಸಿದರು. ಮಕ್ಕಳಿಗೆ ಇಷ್ಟವಾದ ವಿಧಾನವೊಂದು ಇರುವುದು ನಿಜ; ಆದರೆ ಇಷ್ಟವಾದ ಮಾತ್ರಕ್ಕೆ ಅದರಿಂದಲೇ ಹೆಚ್ಚು ಕಲಿಯುತ್ತಾರೆ ಎನ್ನಲಾಗದು. ಭಿನ್ನರಾಶಿಯನ್ನು ಕಾಗದ ಮಡಿಸಿ, ಸಂಖ್ಯಾರೇಖೆಯ ಮೇಲೆ ಗುರುತಿಸಿ, ಮಾತಿನಲ್ಲಿಯೂ ವಿವರಿಸಿ ಎಲ್ಲರಿಗೂ ಕಲಿಸಿ. ವಿಧಾನವನ್ನು ನಿರ್ಧರಿಸಬೇಕಾದುದು ವಿಷಯದ ಸ್ವರೂಪವೇ ಹೊರತು ಮಗುವಿಗೆ ನಾವು ಅಂಟಿಸಿದ ಹಣೆಪಟ್ಟಿಯಲ್ಲ.

ಉತ್ತರ 2:
ಮನೋವಿಜ್ಞಾನಿ ಹೋವರ್ಡ್ ಗಾರ್ಡ್ನರ್ 1983ರಲ್ಲಿ ಮಂಡಿಸಿದ ಬಹುವಿಧ ಬುದ್ಧಿಮತ್ತೆಯನ್ನೂ ಕಲಿಕಾ ಶೈಲಿಯನ್ನೂ ಅನೇಕರು ಒಂದೇ ಎಂದು ಭಾವಿಸುತ್ತಾರೆ. ಎರಡೂ ಬೇರೆಯೆಂದು ಗಾರ್ಡ್ನರ್ ಅವರೇ ಸ್ಪಷ್ಟಪಡಿಸಿದ್ದಾರೆ. ಅವರು ಹೇಳಿದ್ದು ಭಾಷೆ, ತರ್ಕ, ಸಂಗೀತ ಮೊದಲಾದ ಕ್ಷೇತ್ರಗಳಲ್ಲಿನ ಸಾಮರ್ಥ್ಯಗಳ ಬಗ್ಗೆ. (ಅದಕ್ಕೂ ಪ್ರಾಯೋಗಿಕ ಆಧಾರ ಸಾಲದೆಂಬ ಟೀಕೆಯಿದೆ.)

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ‘ಕೇಳಿ ಕಲಿಯುವವಳು’ ಎಂದು ನಾನು ಗುರುತಿಸಿದ್ದ ಹುಡುಗಿಯೊಬ್ಬಳು ಚಿತ್ರ ಬರೆದು ಲೆಕ್ಕ ಬಿಡಿಸುವುದನ್ನೇ ನಿಲ್ಲಿಸಿದ್ದಾಳೆ. ನಾಳೆ ಅವಳ ಕೈಗೂ ಕಾಗದ ಕೊಡುತ್ತೇನೆ.