ಸಿಹಿನೀರಿನ ತೊರಕೆ ಆಹಾರ ಮುಟ್ಟುತ್ತಿಲ್ಲ. ಇದು ನಿಜವಾಗಿಯೂ ಗಟ್ಟಿ ಜೀವವೇ?

ಪ್ರಶ್ನೆ: ತೋಟದಮನೆ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ಹನ್ನೆರಡು ದಿನಗಳ ಹಿಂದೆ ಮೊಟೊರೊ ಜಾತಿಯ ಸಿಹಿನೀರಿನ ಸ್ಟಿಂಗ್‌ರೇ (ಬಾಲದಲ್ಲಿ ಮುಳ್ಳಿರುವ ಚಪ್ಪಟೆ ಮೀನು) ಮರಿಯೊಂದನ್ನು ತಂದಿದ್ದೇನೆ. ಕರಾವಳಿಯ ನಮ್ಮ ನೆಂಟರು ಅದನ್ನು ನೋಡಿದೊಡನೆ, ‘ಇದು ತೊರಕೆಯಲ್ಲವೇ, ಸಾರಿಗೆ ಆಗುವುದನ್ನು ಗಾಜಿನೊಳಗೆ ಏಕೆ ಇಟ್ಟಿದ್ದೀರಿ’ ಎಂದು ನಕ್ಕರು. ಮರಿಯ ಮೈ ಸುಮಾರು 15 ಸೆಂಟಿಮೀಟರ್ ಅಗಲವಿದೆ. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿಯನ್ನು ಇದಕ್ಕಾಗಿಯೇ ಹೊಸದಾಗಿ ಕೂರಿಸಿ, ತೋಟದ ಬಾವಿಯ ನೀರು ತುಂಬಿಸಿದ್ದೇನೆ.

ಇದು ಗಟ್ಟಿ ಜೀವ, ಏನು ಹಾಕಿದರೂ ತಿನ್ನುತ್ತದೆ ಎಂದು ಅಂಗಡಿಯವರು ಹೇಳಿದ್ದರು. ಆದರೆ ಪೆಲೆಟ್ (ಮೀನಿನ ಒಣ ಆಹಾರದ ಗುಳಿಗೆ) ಹಾಕಿದರೆ ಅದರ ಮೇಲೆಯೇ ಹಾದುಹೋಗುತ್ತದೆಯೇ ಹೊರತು ಬಾಯಿ ಹಾಕುವುದಿಲ್ಲ. ನಿನ್ನೆಯಿಂದ ಮೈಯ ಅಂಚು ತುಸು ಮೇಲಕ್ಕೆ ಸುರುಟಿದಂತೆ ಕಾಣುತ್ತಿದೆ. ತೋಟದಲ್ಲಿ ಎರೆಹುಳು ಬೇಕಾದಷ್ಟಿದೆ, ಅದನ್ನು ಕೊಡಬಹುದೇ?

ಉತ್ತರ: ತುಂಗೆಯ ದಡ (ಶಿವಮೊಗ್ಗ)

ಆಹಾರದ ಮಾತಿಗೆ ಮೊದಲು ನೀರನ್ನು ನೋಡಿ. ಅಂಚು ಮೇಲಕ್ಕೆ ಸುರುಟುವುದು ಈ ಮೀನಿನಲ್ಲಿ ತೀರಾ ಕೆಟ್ಟ ಲಕ್ಷಣ. ಮೀನಿನ ತ್ಯಾಜ್ಯದಿಂದ ನೀರಿಗೆ ಸೇರುವ ವಿಷವಾದ ಅಮೋನಿಯವನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾ ಹೊಸ ತೊಟ್ಟಿಯ ಫಿಲ್ಟರಿನಲ್ಲಿ ನೆಲೆಯೂರಲು ವಾರಗಳೇ ಬೇಕು. ಹನ್ನೆರಡು ದಿನ ಸಾಲದು. ಇಂದೇ ಅಮೋನಿಯ ಮತ್ತು ನೈಟ್ರೈಟ್ ಪರೀಕ್ಷಿಸಿ. ಎರಡೂ ಸೊನ್ನೆ ಇರಬೇಕು. ಇಲ್ಲದಿದ್ದರೆ ದಿನಕ್ಕೆ ಮೂರನೇ ಒಂದು ಭಾಗ ನೀರು ಬದಲಿಸುತ್ತ, ಯಾರದಾದರೂ ಹಳೆಯ, ರೋಗವಿಲ್ಲದ ತೊಟ್ಟಿಯ ಫಿಲ್ಟರಿನ ಸ್ಪಂಜು ತಂದು ನಿಮ್ಮದಕ್ಕೆ ಸೇರಿಸಿ. ನನ್ನ ಮಟ್ಟಿಗೆ ‘ಗಟ್ಟಿ ಜೀವ’ ಎಂಬ ಮಾತು ಹಳೆಯ ನೀರಿನಲ್ಲಿ ನೆಲೆ ನಿಂತ ಮೀನಿಗೆ ಮಾತ್ರ ಸಲ್ಲುತ್ತದೆ.

ನಿಮ್ಮ ಬಾವಿಯ ನೀರಿನ ಬಗ್ಗೆ ನನಗೆ ಬೇರೆಯೇ ಆತಂಕವಿದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕಾಲವಿದು, ಮತ್ತು ನೂರು ಲೀಟರ್ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ ಬೀಳುತ್ತದೆ. ಮೈಲುತುತ್ತವೆಂದರೆ ತಾಮ್ರದ ಲವಣ, ಹುರುಪೆಯಿಲ್ಲದ ಈ ಮೀನಿಗೆ ತಾಮ್ರ ವಿಷ. ವರ್ಷ ವರ್ಷ ಹೊಡೆದ ಔಷಧಿಯ ತಾಮ್ರ ತೋಟದ ಮಣ್ಣಿನಲ್ಲಿ ಉಳಿಯುತ್ತದೆ, ಆ ಮಣ್ಣನ್ನೇ ತಿನ್ನುವ ಎರೆಹುಳುವಿನ ಮೈಯಲ್ಲೂ ಸೇರುತ್ತದೆ. ಆದ್ದರಿಂದ ಎರೆಹುಳು ಅತ್ಯುತ್ತಮ ಆಹಾರವೇ ಆದರೂ ಅಡಿಕೆ ಮರದ ಬುಡದ್ದು ಬೇಡ. ಸಗಣಿ ಹಾಕಿ ಬೆಳೆಸಿದ ಎರೆಗೊಬ್ಬರದ ತೊಟ್ಟಿಯದನ್ನು ತಂದು, ಒಂದು ದಿನ ಒದ್ದೆ ತೆಂಗಿನ ನಾರಿನ ಪುಡಿಯಲ್ಲಿಟ್ಟು, ಹೊಟ್ಟೆ ಖಾಲಿಯಾದ ಮೇಲೆ ತೊಳೆದು ಕೊಡಿ. ಬಾವಿಯ ನೀರಿಗೂ ತಾಮ್ರದ ಪರೀಕ್ಷೆ ಮಾಡಿಸಿ. ಅಂಗಡಿಯಲ್ಲಿ ಸಿಗುವ ತಾಮ್ರವಿರುವ ಮೀನಿನ ಔಷಧಿಗಳನ್ನಂತೂ ಮುಟ್ಟಲೇಬೇಡಿ.

ಪೆಲೆಟ್ ಮುಟ್ಟದಿರುವುದು ಸಹಜ. ಕಣ್ಣು ಮೇಲಿದ್ದು ಬಾಯಿ ಅಡಿಯಲ್ಲಿರುವ ಈ ಜೀವ ವಾಸನೆಯಿಂದಲೂ, ಬೇಟೆಯ ಮೈಯಿಂದ ಹೊರಡುವ ಸೂಕ್ಷ್ಮ ವಿದ್ಯುತ್ತಿನಿಂದಲೂ ಆಹಾರ ಹುಡುಕುತ್ತದೆ. ಮಿಸುಕಾಡುವ ಹುಳುವನ್ನು ಸಂಜೆ ದೀಪ ಆರಿಸಿ ಅದರ ಮುಂದೆ ಬಿಡಿ. ಅದಕ್ಕೆ ಬಾಯಿ ಹಾಕಿದ ಮೇಲೆ ಸಿಪ್ಪೆ ಬಿಡಿಸಿದ ಸಿಗಡಿ, ಮುಳ್ಳಿಲ್ಲದ ಜಿಲೇಬಿ ಮೀನಿನ ತುಂಡು, ಅದರೊಳಗೆ ಹುದುಗಿಸಿದ ಮುಳುಗುವ ಪೆಲೆಟ್, ಹೀಗೆ ಒಂದೊಂದಾಗಿ ರೂಢಿ ಮಾಡಿಸಬಹುದು. ಮರಿಗೆ ದಿನಕ್ಕೆ ಎರಡು ಬಾರಿ, ತುಸು ತುಸುವೇ ಬೇಕು. ಬಾಲದ ಬುಡದ ಎರಡೂ ಪಕ್ಕ ಎಲುಬಿನಂಥ ಮೃದ್ವಸ್ಥಿ ಉಬ್ಬಿ ಕಂಡರೆ ಅದು ಹಸಿದು ಸೊರಗಿದೆ ಎಂದರ್ಥ. ಗೋಲ್ಡ್‌ಫಿಶ್, ಗೆಂಡೆಯಂಥ ಮೀನುಗಳನ್ನೇ ನಿತ್ಯ ಹಾಕುವವರಿದ್ದಾರೆ. ಅವುಗಳಲ್ಲಿರುವ ಥಯಾಮಿನೇಸ್ ಎಂಬ ಕಿಣ್ವವು ಬಿ1 ಜೀವಸತ್ವವನ್ನು ನಾಶಮಾಡುವುದರಿಂದ ಅದು ಒಳ್ಳೆಯ ರೂಢಿಯಲ್ಲ.

ಉತ್ತರ: ಮಳೆಗಾಲ (ಹೊಸನಗರ)

ಮೇಲಿನವರು ಹೇಳಿದ್ದೆಲ್ಲ ಸರಿ. ನಾನು ಸೇರಿಸುವುದು ಕರೆಂಟಿನ ಸಂಗತಿ. ನಮ್ಮ ಕಡೆ ಗಾಳಿ ಮಳೆಗೆ ತಂತಿಯ ಮೇಲೆ ಮರ ಬಿದ್ದರೆ ಎರಡು ದಿನ ಕತ್ತಲೆ ಹೊಸತಲ್ಲ. ಫಿಲ್ಟರ್ ನಿಂತರೆ ಆಮ್ಲಜನಕವೂ ಕುಸಿಯುತ್ತದೆ, ಬ್ಯಾಕ್ಟೀರಿಯಾವೂ ಸಾಯುತ್ತದೆ. ಬ್ಯಾಟರಿಯ ಏರ್ ಪಂಪನ್ನು ಮೊದಲೇ ತಂದಿಡಿ. ಕರೆಂಟು ಬರುವವರೆಗೆ ಆಹಾರ ಹಾಕಬೇಡಿ. ಮಳೆಗಾಲದಲ್ಲಿ ನೀರನ್ನು 26ರಿಂದ 28 ಡಿಗ್ರಿಯಲ್ಲಿಡಲು ಹೀಟರ್ ಬೇಕೇ ಬೇಕು, ಆದರೆ ಅದಕ್ಕೆ ಪ್ಲಾಸ್ಟಿಕ್ ಕವಚ ತೊಡಿಸಿ. ಈ ಮೀನು ಹೀಟರಿನ ಮೇಲೆ ಮಲಗಿ ಹೊಟ್ಟೆ ಸುಟ್ಟುಕೊಳ್ಳುತ್ತದೆ. ಬಾಲದ ಮುಳ್ಳಿನಲ್ಲಿ ವಿಷವಿದೆ. ಚುಚ್ಚಿದರೆ ತಡೆಯಬಹುದಾದಷ್ಟು ಬಿಸಿಯ, 45 ಡಿಗ್ರಿ ಮೀರದ ನೀರಿನಲ್ಲಿ ಕೈ ಅದ್ದಿ ಕೂಡಲೇ ಆಸ್ಪತ್ರೆಗೆ ಹೋಗಿ.

ತೋಟದಮನೆ (ತೀರ್ಥಹಳ್ಳಿ)

ಇಬ್ಬರಿಗೂ ಉಪಕಾರ ಸ್ಮರಿಸುತ್ತೇನೆ. ಪರೀಕ್ಷೆಯಲ್ಲಿ ಅಮೋನಿಯ ಲೀಟರಿಗೆ 1 ಮಿಲಿಗ್ರಾಂ ತೋರಿಸಿತು, ನೀರು ಬದಲಿಸುತ್ತಿದ್ದೇನೆ. ಸದ್ಯಕ್ಕೆ ಬಾವಿ ನೀರು ಬಿಟ್ಟು, ಕ್ಲೋರಿನ್ ತೆಗೆದ ನಲ್ಲಿ ನೀರನ್ನೇ ಬಳಸುತ್ತಿದ್ದೇನೆ. ಅಂಚು ಮತ್ತೆ ಚಪ್ಪಟೆಯಾಗಿದೆ, ನಿನ್ನೆ ರಾತ್ರಿ ಎರಡು ಹುಳು ತಿಂದಿತು. ಈ ತೊಟ್ಟಿ ಎಷ್ಟು ದಿನಕ್ಕೆ ಸಾಕು?

ತುಂಗೆಯ ದಡ (ಶಿವಮೊಗ್ಗ)

ಹೆಚ್ಚೆಂದರೆ ಕೆಲವೇ ತಿಂಗಳು. ನಿಮ್ಮದು ಸುಮಾರು 450 ಲೀಟರಿನದು. ಬೆಳೆದ ಮೊಟೊರೊದ ಮೈಯೇ ಅರ್ಧ ಮೀಟರ್ ಅಗಲವಾಗಬಹುದು. ಸಾವಿರ ಲೀಟರಿಗೂ ಮಿಕ್ಕಿದ, ಎತ್ತರಕ್ಕಿಂತ ಅಗಲ ಹೆಚ್ಚಿರುವ ತೊಟ್ಟಿಯ ಯೋಚನೆಯನ್ನು ಈಗಲೇ ಮಾಡಿ. ಆಗದಿದ್ದರೆ ಸಾಕಬಲ್ಲವರಿಗೆ ಕೊಡಿ, ತುಂಗೆಗೆ ಮಾತ್ರ ಬಿಡಬೇಡಿ. ಸಿಂಗಪುರದ ಜಲಾಶಯಗಳಲ್ಲಿ ಹಾಗೆ ಸೇರಿದ ಇದೇ ಜಾತಿ ಅಲ್ಲಿ ಮರಿ ಹಾಕುತ್ತ ನೆಲೆಯೂರಿದೆ. ಮುಂದಿನ ವಾರದ ಅಮೋನಿಯ ಎಷ್ಟೆಂದು ಇಲ್ಲಿಯೇ ಬರೆಯಿರಿ.